ಮಹಡಿಗೆ ಬಿಟ್ಟ ಕಂಬಿ

ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಕ್ಷಸನ ಪ್ರಾಣ ರಾಕ್ಷಸನ ಮೈಯಲ್ಲಿ ಇರುವುದಿಲ್ಲ. ಏಳು ಕೋಟೆ ದಾಟಿ, ಏಳು ಕೆರೆ ದಾಟಿ, ಯಾವುದೋ ಆಲದ ಪೊಟರೆಯಲ್ಲಿ ಕೂತ ಗಿಳಿಯೊಳಗಿರುತ್ತದೆ. ಹೋಳೂರಿನ ಸುಬ್ಬರಾಯಪ್ಪ ಮೇಸ್ತ್ರಿಯ ಪ್ರಾಣ ಅಷ್ಟು ದೂರವೇನೂ ಇರಲಿಲ್ಲ. ಬಸ್ಸು ಹತ್ತಿ ಶ್ರೀನಿವಾಸಪುರದಲ್ಲಿ ಇಳಿದು, ಮಾವಿನ ಮಂಡಿ ದಾಟಿದರೆ ಓಬೇದುಲ್ಲಾ ಸಾಬರ ಹಸಿರು ಗೇಟಿನ ಮನೆ. ಆ ಮನೆಯ ತಾರಸಿಯ ಮೇಲೆ, ಪಿಲ್ಲರುಗಳ ತಲೆಯಿಂದ ಆಕಾಶದ ಕಡೆ ಮೂತಿ ಮಾಡಿ ನಿಂತ ಕಬ್ಬಿಣದ ಕಂಬಿಗಳಲ್ಲಿ ಇತ್ತು.

ಆ ಕೆಳಮನೆ ಕಟ್ಟಿದವನು ಸುಬ್ಬರಾಯಪ್ಪನೇ. ಆಗ ಸಾಬರ ಮಗ ಜುಲ್ಫಿಕರ್ ಮರಳ ಗುಡ್ಡೆಯ ಮೇಲೆ ಚಡ್ಡಿಯಿಲ್ಲದೆ ಜಾರುತ್ತಿದ್ದ ಹುಡುಗ. ತಾರಸಿಯ ಮೋಲ್ಡು ಹಾಕಿದ ದಿನ ಸಾಬರು ಮೇಸ್ತ್ರಿಗೆ ಹೊಸ ಪಂಚೆ, ಶಲ್ಯ, ವೀಳ್ಯ ಕೊಟ್ಟು, "ಕಂಬಿ ಉದ್ದಕ್ಕೇ ಬಿಡಿ ಮೇಸ್ತ್ರಿ. ಇವನ ಮದುವೆ ಹೊತ್ತಿಗೆ ಮೇಲೊಂದು ಮನೆ ಆಗಬೇಕು. ಅದೂ ನಿಮ್ಮ ಕೈಯಿಂದಾನೇ" ಎಂದಿದ್ದರು. ಆ ಕಡೆಯ ಹಳೇ ಮೇಸ್ತ್ರಿಗಳಲ್ಲಿ ಇದ್ದ ಕಟ್ಟುಪಾಡು ಅದು: ಕಂಬಿ ಬಿಟ್ಟವನೇ ಮೇಲೆ ಕಟ್ಟಬೇಕು. ಇನ್ನೊಬ್ಬ ಆ ಕಂಬಿ ಮುಟ್ಟಬೇಕಾದರೆ ಮೊದಲು ಬಿಟ್ಟವನ ಮನೆಗೆ ಎಲೆ ಅಡಿಕೆ ಹಿಡಿದು ಹೋಗಿ, ಅಪ್ಪಣೆ ಕೇಳಿಕೊಂಡು ಬರಬೇಕು.

ಬಿಟ್ಟ ಕಂಬಿ ಬಿಸಿಲು ಮಳೆಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಸುಬ್ಬರಾಯಪ್ಪ ಪ್ರತಿವರ್ಷ ಯುಗಾದಿ ಕಳೆದು ಮಾವು ಮಂಡಿಗೆ ಬರುವುದರೊಳಗೆ ಒಂದು ದಿನ ಡಬ್ಬ, ಬ್ರಷ್ಷು ಹಿಡಿದು ಶ್ರೀನಿವಾಸಪುರಕ್ಕೆ ಹೋಗುತ್ತಿದ್ದ. ಸಿಮೆಂಟನ್ನು ಹಾಲಿನ ಹದಕ್ಕೆ ಕಲಸಿ ಒಂದೊಂದು ಕಂಬಿಗೂ ಬಳಿಯುತ್ತಿದ್ದ. ಎಳೆಮಗುವಿಗೆ ಎಣ್ಣೆ ಹಚ್ಚುವವಳೂ ಅಷ್ಟು ನಿಧಾನ ಮಾಡಲಾರಳು. ಕೆಳಗಿಳಿದು ಬಂದರೆ ಸಾಬರ ಚಹಾ, ಖಾರಿ ಬಿಸ್ಕತ್ತು.

"ಈ ವರ್ಷ ಅಲ್ಲ ಮೇಸ್ತ್ರಿ."

"ಆಗಲಿ ಸಾಬ್ರೆ. ಕಂಬಿ ಎಲ್ಲಿಗೂ ಓಡಿಹೋಗಲ್ಲ."

ಇಷ್ಟೇ ಮಾತು. ಆಮೇಲೆ ಕಾಯಿ ಹಣ್ಣಾದಾಗ ಸಾಬರ ತೋಟದ ಒಂದು ಬುಟ್ಟಿ ಬಾದಾಮಿ ಮಾವು ಹೋಳೂರಿಗೆ ಬರುತ್ತಿತ್ತು. ಒಳಗೆ ಭತ್ತದ ಹುಲ್ಲು, ಬಾಯಿಗೆ ಹಳೇ ಹಸಿರು ಲುಂಗಿಯ ತುಂಡು ಹೊಲಿದ ಬುಟ್ಟಿ.

ಉಳಿದ ಕೆಲಸಗಳೆಲ್ಲ ಒಂದೊಂದಾಗಿ ಮೇಸ್ತ್ರಿಯ ಕೈಬಿಟ್ಟಿದ್ದವು. ಈಗ ಮನೆ ಕಟ್ಟುವವರು ಕಂಟ್ರಾಕ್ಟರನ್ನು ಹುಡುಕುತ್ತಿದ್ದರು. ಅವನು ಕಂಪ್ಯೂಟರಿನಲ್ಲಿ ಮನೆಯ ಬಣ್ಣದ ಚಿತ್ರ ತೋರಿಸುತ್ತಿದ್ದ, ಮಿಕ್ಸರ್ ಲಾರಿ ತರುತ್ತಿದ್ದ. ಸುಬ್ಬರಾಯಪ್ಪನಿಗೆ ಉಳಿದದ್ದು ಸೋರುವ ಬಚ್ಚಲು, ಬಿದ್ದ ಕಾಂಪೌಂಡು, ಪಾಯಿಖಾನೆ ಗುಂಡಿಯ ಮುಚ್ಚಳ. "ಗುಂಡಿ ಮುಚ್ಚಳ ಹಾಕಿ ಕರಣೆ ಕೆಳಗಿಡೋ ಮೇಸ್ತ್ರಿ ನಾನಲ್ಲ" ಎನ್ನುತ್ತಿದ್ದ. "ಸಾಬರ ಮಹಡಿ ಎಬ್ಬಿಸಿ, ಮೋಲ್ಡು ಹಾಕಿ, ಆಮೇಲೆ ಕರಣೆ ತೊಳೆದು ಅಟ್ಟಕ್ಕೆ ಇಡ್ತೀನಿ." ಅವನ ಹೆಂಡತಿ ಕದಿರಮ್ಮ ಇದನ್ನು ಕೇಳಿ ಕೇಳಿ ಸಾಕಾಗಿ, "ಅಷ್ಟೊತ್ತಿಗೆ ನಿನ್ನನ್ನೇ ಅಟ್ಟಕ್ಕೆ ಇಡೋ ಹಾಗಾಗಿರುತ್ತೆ. ಬಾಯಿ ಬಿಟ್ಟು ಒಂದು ಸಲ ಕೇಳಬಾರದಾ?" ಎನ್ನುವಳು.

"ಕೇಳಿದವನು ಕೂಲಿ ಕಣೇ. ಕರೆಸಿಕೊಂಡವನು ಮೇಸ್ತ್ರಿ."

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮುನಿಲಕ್ಷ್ಮಿಗೆ ಸಿಕ್ಕಿದ್ದು ಕೇಳುವ ಕೆಲಸವೇ. ಕೋಲಾರದಲ್ಲಿ ಭೀಮರಾಜ್ ಎಂಬ ಕಂಟ್ರಾಕ್ಟರನ ಆಫೀಸು. ಮನೆ ಕಟ್ಟಲು ಪರವಾನಗಿ ಸಿಕ್ಕವರ ಹೆಸರು ನಗರಸಭೆ, ಪುರಸಭೆಗಳ ನೋಟೀಸು ಬೋರ್ಡಿಗೆ ಬೀಳುತ್ತದಲ್ಲ, ಅದನ್ನು ಫೋನಿನಲ್ಲಿ ಫೋಟೋ ಹೊಡೆದು ತರಬೇಕು. ಯಾರ ಹೆಸರು, ಯಾವ ವಾರ್ಡು, ಎಷ್ಟು ಅಂತಸ್ತು ಎಂದು ಬರೆದು, ಇನ್ನೊಬ್ಬ ಕಂಟ್ರಾಕ್ಟರ್ ಮೂಸುವುದರೊಳಗೆ ಫೋನು ಮಾಡಿ, "ಸರ್, ಮನೆ ಕಟ್ತಿದ್ದೀರಂತೆ" ಎನ್ನಬೇಕು. ಆಫೀಸಿನಲ್ಲಿ ಇದಕ್ಕೆ ಲೀಡು ಎನ್ನುತ್ತಿದ್ದರು. ಒಂದು ದಿನ ಮಾಲೂರು, ಒಂದು ದಿನ ಮುಳಬಾಗಿಲು, ಒಂದು ದಿನ ಶ್ರೀನಿವಾಸಪುರ ಎಂದು ಅವಳ ವಾರವೆಲ್ಲ ಬಸ್ಸಿನ ಕಿಟಕಿಯಲ್ಲೇ ಕಳೆಯುತ್ತಿತ್ತು.

ಕೆಲಸದ ಒಳಸುಳಿ ಅವಳಿಗೆ ಬೇಗ ಹತ್ತಿತು. ಅರ್ಜಿ ಹೆಂಡತಿ ಹೆಸರಿನಲ್ಲಿದ್ದರೆ ಮಾತು ಹೆಂಡತಿಯ ಹತ್ತಿರವೇ ಆಡಬೇಕು. ನಕ್ಷೆಯಲ್ಲಿ ಎರಡು ಅಡುಗೆಮನೆ ಇದ್ದರೆ ಅಣ್ಣ ತಮ್ಮ ಬೇರೆಯಾಗುತ್ತಿದ್ದಾರೆಂದು ಅರ್ಥ. ಒಬ್ಬ ಸೊಸೆಯ ಮುಂದೆ ಇನ್ನೊಬ್ಬಳ ಅಡುಗೆಮನೆಯ ಅಳತೆ ಎತ್ತಬಾರದು. ಮುಳಬಾಗಿಲಲ್ಲಿ ಒಬ್ಬಾಕೆ ಇವಳನ್ನು ಕಂದಾಯದವಳೆಂದು ತಿಳಿದು, "ಇದು ಮನೆ ಅಲ್ಲಮ್ಮ, ದನದ ಕೊಟ್ಟಿಗೆ" ಎಂದು ಓಡಿಹೋಗಿ ಎಮ್ಮೆ ತಂದು ಹೊಸ ಪಿಲ್ಲರಿಗೆ ಕಟ್ಟಿದ್ದಳು.

"ದೊಡ್ಡವಳಾದ ಹುಡುಗಿ ಯಾರ ಮನೇಲಿದಾಳೆ ಅಂತ ಮೂಸಿಕೊಂಡು ತಿರುಗೋ ಮದುವೆ ಬ್ರೋಕರಿಗೂ ನಿನಗೂ ಏನಮ್ಮ ವ್ಯತ್ಯಾಸ?" ಎಂದಿದ್ದ ಅಪ್ಪ.

"ಬ್ರೋಕರಿಗೆ ಎರಡೂ ಕಡೆ ಊಟ ಹಾಕ್ತಾರೆ ಅಪ್ಪ. ನನಗೆ ಬರೀ ನೀರು."

ಅಪ್ಪ ನಕ್ಕಿದ್ದ. ಆಗಿನ್ನೂ ನಗು ಇತ್ತು.

ಆ ವರ್ಷ ಯುಗಾದಿ ಆದ ಮೇಲೆ ಒಂದು ಮಧ್ಯಾಹ್ನ, ಶ್ರೀನಿವಾಸಪುರದ ಬೋರ್ಡಿನ ಮುಂದೆ ಬೆವರೊರೆಸಿಕೊಳ್ಳುತ್ತಾ ನಿಂತ ಮುನಿಲಕ್ಷ್ಮಿ ಹಾಗೇ ಕಲ್ಲಾದಳು. ಓಬೇದುಲ್ಲಾ. ಮಂಡಿ ಹಿಂಭಾಗ. ಇರುವ ಕಟ್ಟಡದ ಮೇಲೆ ಮೊದಲನೇ ಮಹಡಿ. ಪರವಾನಗಿ ನೀಡಲಾಗಿದೆ. ಅವಳಿಗೆ ಆ ಸಾಲು ಅರಮನೆಯ ಡಂಗುರದ ಹಾಗೆ ಕೇಳಿಸಿತು. ವಾಪಸು ಬರುವ ಬಸ್ಸಿನಲ್ಲಿ ಹೊರಗಿನ ಮಾವಿನ ತೋಪುಗಳೆಲ್ಲ ಅಪ್ಪನಿಗೆ ಚಾಮರ ಬೀಸಲು ನಿಂತವರಂತೆ ಕಂಡವು. ಹೊಸ ಪಂಚೆ ಉಟ್ಟ ಅಪ್ಪ, ತೊಳೆದು ಅಟ್ಟಕ್ಕೇರಿದ ಕರಣೆ, ಸುಮ್ಮನಾದ ಅಮ್ಮ, ಎಲ್ಲ ಕಣ್ಣ ಮುಂದೆ ಬಂದುಹೋದವು. ಕೋಲಾರದ ಆಫೀಸಿಗೆ ಆ ದಿನದ ಉಳಿದ ಹೆಸರುಗಳನ್ನೆಲ್ಲ ಕೊಟ್ಟಳು. ಇದೊಂದನ್ನು ಕೊಡಲಿಲ್ಲ.

ಮನೆಗೆ ಬಂದಾಗ ಬಾಗಿಲ ಪಕ್ಕದಲ್ಲಿ ಡಬ್ಬ, ಬ್ರಷ್ಷು ಆಗಲೇ ಸಿದ್ಧವಾಗಿದ್ದವು. ಮಾರನೇ ದಿನ ಬಳಿಯಲು ಹೊರಡುವುದೆಂದು ಅಪ್ಪ ಇಟ್ಟುಕೊಂಡಿದ್ದ.

"ಅಪ್ಪಾ, ಸಾಬರ ಮಹಡಿಗೆ ಪರ್ಮಿಶನ್ ಆಗಿದೆ! ಈ ಕಣ್ಣಲ್ಲೇ ನೋಡಿದೆ."

ಸುಬ್ಬರಾಯಪ್ಪನ ಮುಖ ಸಿಮೆಂಟು ನೀರು ಕುಡಿದ ಇಟ್ಟಿಗೆಯ ಹಾಗೆ ಒಂದು ಗಳಿಗೆ ತಂಪಾಯಿತು. ಎದ್ದ. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ಎರಡು ಹೆಜ್ಜೆ ಇಟ್ಟವನು ನಿಂತ. ಆಮೇಲೆ ಬಾಗಿ ಆ ಬ್ರಷ್ಷನ್ನು ತೆಗೆದು ಸೂರಿನ ಸಂದಿಗೆ ಸಿಕ್ಕಿಸಿಬಿಟ್ಟ.

"ಯಾಕಪ್ಪಾ? ನಾಳೆ ಹೋಗಲ್ವಾ?"

"ಈಗ ಹೋಗೋ ಹಾಗಿಲ್ಲ."

"ವರ್ಷಾ ವರ್ಷಾ ಹೋಗ್ತೀಯಲ್ಲ!"

"ಆಗ ಗೊತ್ತಿಲ್ಲದೆ ಹೋಗ್ತಿದ್ದೆ. ಈಗ ಪರ್ಮಿಶನ್ ಆಗಿದೆ ಅಂತ ಗೊತ್ತು. ಗೊತ್ತಿದ್ದೂ ಬ್ರಷ್ ಹಿಡ್ಕೊಂಡು ಹೋದ್ರೆ ಅದು ಬಳಿಯೋಕೆ ಹೋದ ಹಾಗಲ್ಲ. ಕೇಳೋಕೆ ಹೋದ ಹಾಗೆ."

"ನಿನಗೆ ಗೊತ್ತು ಅಂತ ಅವರಿಗೇನು ಗೊತ್ತು?"

"ನನಗೆ ಗೊತ್ತಲ್ಲ."

ಕದಿರಮ್ಮ ಒಲೆ ಮುಂದಿನಿಂದಲೇ ಕೂಗಿದಳು, "ಅಯ್ಯೋ ದೇವುಡಾ! ಊರಲ್ಲಿ ಎಲ್ಲರಿಗೂ ಗೊತ್ತಿದ್ರೆ ಕೆಲಸ ಆಗುತ್ತೆ. ನಮ್ಮ ಮನೇಲಿ ಗೊತ್ತಾದ್ರೆ ಕೆಲಸ ಕೆಡುತ್ತೆ."

"ಸಾಬ್ರು ಮಾತು ಕೊಟ್ಟಿದಾರೆ. ಕರೆಸ್ತಾರೆ" ಎಂದ ಮೇಸ್ತ್ರಿ. ಕಣ್ಣು ಮಾತ್ರ ಸೂರಿನ ಕಡೆಗೇ ಇತ್ತು.

ಕಾಯುವುದು ಶುರುವಾಯಿತು. ಮದುವೆ ಹೆಣ್ಣು ದಿಬ್ಬಣ ಕಾಯುವ ಹಾಗೆ ಕಾದ. ಬಿಳಿ ಪಂಚೆ ಒಗೆಸಿಟ್ಟ. ಗುಂಡಿ ಮುಚ್ಚಳದ ಕೆಲಸ ಬಂದರೆ, "ಈ ತಿಂಗಳು ಬಿಡುವಿಲ್ಲ, ಮಹಡಿ ಕೆಲಸ ಇದೆ" ಎಂದು ಕಳಿಸಿಬಿಟ್ಟ. ನಾಯಿ ಬೊಗಳಿದರೆ ಜಗುಲಿಗೆ ಬರುವನು. ಬೈಕು ನಿಂತರೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವನು. ಬೈಕು ಎದುರುಮನೆಯದಾಗಿರುತ್ತಿತ್ತು. ಮಂಡಿಗೆ ಮೊದಲ ಮಾವಿನ ಲೋಡು ಬಂದ ಸುದ್ದಿ ಬಂತು. ಮೇಸ್ತ್ರಿ ಬ್ರಷ್ಷು ಹಿಡಿಯದೆ ಕಳೆದ ಮೊದಲ ಬೇಸಿಗೆ ಅದು.

ಮುನಿಲಕ್ಷ್ಮಿಗೆ ತಡೆಯಲಾಗಲಿಲ್ಲ. ಕೆಲಸ ಬೇರೆಯವರ ಪಾಲಾಯಿತೋ ಏನೋ ಎಂಬ ಭಯ ಅವಳ ಊಟ ತಿನ್ನತೊಡಗಿತ್ತು. ಭೀಮರಾಜ್ ಸೈಟಿಗೆ ಹೋಗಿದ್ದ ಹೊತ್ತು ನೋಡಿ, ಆಫೀಸಿನ ಫೋನಿನಿಂದ ಸಾಬರ ನಂಬರಿಗೆ ಹಚ್ಚಿ, ದಿನಾ ನೂರಾರು ಜನಕ್ಕೆ ಆಡುವ ದನಿಯಲ್ಲೇ ಮಾತಾಡಿದಳು.

"ಸರ್, ಮೇಲ್ಮನೆ ಕೆಲಸ ಯಾರಿಗಾದ್ರೂ ಕೊಟ್ಟಿದ್ದೀರಾ?"

ಆ ಕಡೆ ಜುಲ್ಫಿಕರ್. ಹಿಂದೆ ಹರಾಜು ಕೂಗುವವರ ಗಲಾಟೆ. "ಇನ್ನೂ ಇಲ್ಲ ಮೇಡಮ್. ನಮ್ಮ ಹಳೇ ಮೇಸ್ತ್ರಿ ಒಬ್ರಿದಾರೆ. ವರ್ಷಾ ವರ್ಷಾ ಬಂದು ಕಂಬಿಗೆ ಸಿಮೆಂಟ್ ಹಚ್ಚಿ ಹೋಗ್ತಾರೆ. ಅವರು ಬರೋ ದಿನಾನೇ ಮಾತಾಡೋದು ಅಂತ ಅಬ್ಬಾಂದು ಹಟ. ಅದಕ್ಕೇ ಕಾಯ್ತಾ ಇದೀವಿ. ನಿಮ್ದು ಯಾವ ಕಂಪನಿ?"

ಅವಳು ಖುಷಿಯಲ್ಲಿ ಕಂಪನಿ ಹೆಸರು ಹೇಳಿ ಫೋನಿಟ್ಟಳು. ಆ ಸಂಜೆ ಬಸ್‌ಸ್ಟಾಪಿನಿಂದ ಮನೆಗೆ ಓಡಿಯೇ ಬಂದಳು.

"ಅಪ್ಪಾ, ಅವರು ನಿನ್ನನ್ನೇ ಕಾಯ್ತಿದಾರೆ! ನೀನು ಬ್ರಷ್ ತಗೊಂಡು ಹೋದ ದಿನಾನೇ ಮಾತು ಅಂತೆ. ಜುಲ್ಫಿಕರೇ ಹೇಳಿದ್ದು."

"ಯಾರ ಹತ್ರ ಹೇಳಿದ?"

"ನಾನು ಫೋನ್ ಮಾಡಿದ್ದೆ. ಆಫೀಸಿಂದ. ಯಾರು ಅಂತ ಹೇಳಿಲ್ಲ."

ಸುಬ್ಬರಾಯಪ್ಪ ದನಿ ಏರಿಸದೆಯೇ ಹೇಳಿದ, "ಫೋನ್ ಮಾಡಿ ಕೆಲಸ ಕೇಳಿದೆ."

"ಕೆಲಸ ಕೇಳಿಲ್ಲಪ್ಪ! ಸುಮ್ಮನೆ..."

"ನಾಳೆ ನಾನು ಬ್ರಷ್ ಹಿಡ್ಕೊಂಡು ಹೋಗಿ ನಿಲ್ತೀನಿ. ಫೋನ್ ಬಂದು ಒಂದು ದಿನ ಆಗಿಲ್ಲ, ಮೇಸ್ತ್ರಿ ಬಂದ. ಸಾಬ್ರು ದಡ್ಡರಾ? ಮಗಳ ಕೈಲಿ ಕೇಳಿಸಿ ಅಪ್ಪ ಬಂದ ಅಂತ ಇವತ್ತಲ್ಲ ನಾಳೆ ತಿಳಿಯುತ್ತೆ. ಇಷ್ಟು ವರ್ಷ ಬಳಿದಿದ್ದೆಲ್ಲ ಇದಕ್ಕೇನಾ ಅಂದ್ಕೋತಾರೆ."

"ಹಾಗಾದ್ರೆ ನಾನೇ ಹೋಗಿ ಎಲ್ಲ ಬಿಡಿಸಿ ಹೇಳ್ತೀನಿ."

ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡ. ಸುಣ್ಣ ತಿಂದು ಒರಟಾದ ಬೆರಳು, ಬಿಸಿ ನೆತ್ತಿ. "ನೀನು ನನ್ನ ಮಗಳು ಅಂತ ಆ ಮನೆಯವರ ಮುಂದೆ ಬಾಯಿಬಿಟ್ಟರೆ, ನನ್ನ ಪರವಾಗಿ ಒಂದು ಮಾತು ಆಡಿದರೆ, ನನ್ನ ಹೆಣ ನೋಡ್ತೀಯ. ಆಣೆ."

"ಎಂಥಾ ಮಾತು ಅಂತ ಆಡ್ತೀಯ" ಎಂದು ಕದಿರಮ್ಮ ಅಳುತ್ತಾ ಮಗಳ ಕೈ ಎಳೆದುಕೊಂಡಳು. ಆಣೆ ಮಾತ್ರ ಆಗಿಹೋಗಿತ್ತು. ಕಥೆಗಳಲ್ಲಿ ಋಷಿಗಳ ಶಾಪಕ್ಕಾದರೂ ಒಂದು ವಿಮೋಚನೆ ಇರುತ್ತದೆ. ಅಪ್ಪಂದಿರ ಆಣೆಗೆ ಅದೂ ಇಲ್ಲ.

ಮೇಸ್ತ್ರಿ ಹೋಗಲಿಲ್ಲ. ಸಾಬರು ಕರೆಸಲಿಲ್ಲ.

ಮಂಡಿಯ ಗಲಾಟೆ ಏರಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಕೋಲಾರದ ಆಫೀಸಿನ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಯುವಕ ಬಂದ. ಅಂಗಿಗೆ ಮಾವಿನ ಸೊನೆಯ ಕಲೆ. ಮುನಿಲಕ್ಷ್ಮಿ ದನಿಯಿಂದಲೇ ಗುರುತು ಹಿಡಿದಳು.

"ಶ್ರೀನಿವಾಸಪುರದಿಂದ ಬಂದೆ ಸಾರ್, ಜುಲ್ಫಿಕರ್ ಅಂತ. ನಿಮ್ಮ ಆಫೀಸಿಂದ ಒಬ್ರು ಮೇಡಮ್ ಫೋನ್ ಮಾಡಿದ್ರು. ನಂಬರ್ ಇಟ್ಕೊಂಡಿದ್ದೆ."

ಭೀಮರಾಜ್ ಕುರ್ಚಿ ಎಳೆದು ಕೂರಿಸಿದ. ಇವಳ ಕಡೆ ತಿರುಗಿ ಹಲ್ಲು ಬಿಟ್ಟ. "ನಮ್ಮ ಲಕ್ಷ್ಮಿ ಕೈ ಕಣ್ರಿ. ಎಲ್ಲಿ ಮನೆ ಏಳುತ್ತೋ ಅಲ್ಲಿ ಇವಳ ಮೂಗಿರುತ್ತೆ. ನೋಡಮ್ಮ, ಚಹಾ ತರಿಸು."

ಅವಳು ಕದಲಲಿಲ್ಲ. ಬಣ್ಣದ ಚಿತ್ರಗಳು ಮೇಜಿನ ಮೇಲೆ ಹರಡಿದವು. ಮಾತಿನ ನಡುವೆ ಭೀಮರಾಜ್ ಕೇಳಿದ, "ಕೆಳಗಡೆ ಕಟ್ಟಿದವರು ಯಾರು? ಆಮೇಲೆ ಬಂದು ತಕರಾರು ಗಿಕರಾರು ಮಾಡ್ತಾರಾ?"

"ಅವರು ಅಂಥೋರಲ್ಲ ಸಾರ್. ಈ ವರ್ಷ ಬರಲೇ ಇಲ್ಲ. ಅಬ್ಬಾ ಹೋದ ತಿಂಗಳೆಲ್ಲ ಮಹಡಿ ಬಾಗಿಲು ತೆಗೆದಿಟ್ಟು, ಚಹಾಗೆ ಒಂದು ಲೋಟ ಜಾಸ್ತಿ ಇಡಿಸ್ತಿದ್ರು. ಕರೆಸೋಣ ಅಂದೆ ನಾನು. ಬೇಡ ಅಂದ್ರು. ವಯಸ್ಸಾಗಿ ಆ ಮೇಸ್ತ್ರಿ ಕೈ ನಿಂತಿರಬೇಕು ಬೇಟಾ, ಇಲ್ಲದಿದ್ರೆ ಬರದೇ ಇರೋನಲ್ಲ. ಕರೆಸಿ, 'ನನ್ನ ಕೈಲಾಗಲ್ಲ ಸಾಬ್ರೆ' ಅಂತ ಅವನ ಬಾಯಿಂದ ಅನ್ನಿಸೋದಾ ಅಂತ ಬೈದ್ರು."

ಮುನಿಲಕ್ಷ್ಮಿಯ ಬಾಯಿ ತಾನಾಗಿ ತೆರೆಯಿತು. "ಅವರ ಕೈ ನಿಂತಿಲ್ಲ ಸರ್."

ಇಬ್ಬರೂ ತಿರುಗಿದರು. "ಗೊತ್ತಾ ನಿಮಗೆ ಅವರು?" ಜುಲ್ಫಿಕರನ ಮುಖದಲ್ಲಿ ನಿಜವಾದ ಆಸೆ ಇತ್ತು. "ಹುಷಾರಾಗಿದಾರಾ? ಮತ್ತೆ ಯಾಕೆ ಬರಲಿಲ್ಲ?"

ಅಂಗೈ ಕೆಳಗೆ ಆ ಬಿಸಿ ನೆತ್ತಿ ಈಗಲೂ ಇದ್ದ ಹಾಗಿತ್ತು. ಎದುರಿಗೆ, ಸಂಬಳ ಕೊಡುವ ಭೀಮರಾಜ್ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಈ ಹೆಸರನ್ನು ಆಫೀಸಿಗೆ ಕೊಡದೆ ಇಟ್ಟುಕೊಂಡಿದ್ದು ಯಾಕೆ ಎಂದು ಅವನು ಕೇಳಲು ಇನ್ನೊಂದು ಮಾತು ಸಾಕಿತ್ತು. ಯಾವುದಕ್ಕೆ ಹೆಚ್ಚು ಹೆದರಿದಳೋ ಅವಳಿಗೇ ತಿಳಿಯಲಿಲ್ಲ.

"ಇಲ್ಲ ಸರ್. ಯಾರೋ ಹೇಳಿದ್ದು ಕೇಳಿದ್ದೆ. ಬೇರೆ ಯಾರೋ ಇರಬೇಕು."

"ಚಹಾ" ಎಂದ ಭೀಮರಾಜ್.

ಅವಳು ಚಹಾ ಹೇಳಿ ಬರುವಷ್ಟರಲ್ಲಿ ಅಡ್ವಾನ್ಸು ಮೇಜಿನ ಮೇಲಿತ್ತು. ಎಲೆ ಇಲ್ಲ, ಅಡಿಕೆ ಇಲ್ಲ. ರಸೀದಿ ಇತ್ತು.

ಕೆಲಸ ಶುರುವಾದ ವಾರ ಭೀಮರಾಜ್ ಸೈಟಿನಿಂದ ಬಂದವನು ಖುಷಿಯಲ್ಲಿದ್ದ. "ಹಳೇ ಕಂಬಿ ಕೊಯ್ದು ಬಿಸಾಕಿ, ಪಿಲ್ಲರ್ ಕೊರೆದು ಹೊಸದು ಕೂರಿಸಬೇಕಾಗುತ್ತೆ ಅಂದ್ಕೊಂಡಿದ್ದೆ ಕಣಮ್ಮ. ಸುತ್ತಿಗೇಲಿ ತಟ್ಟಿದ್ರೆ ಸಿಮೆಂಟಿನ ಪದರ ಪದರ ಉದುರಿ, ಒಳಗೆ ಕಂಬಿ ಅಂಗಡಿಯಿಂದ ತಂದ ಹಾಗಿದೆ. ಹಾಗೇ ಜೋಡಿಸಿಬಿಟ್ವಿ. ಯಾವನೋ ಹುಚ್ಚ ವರ್ಷಾ ವರ್ಷಾ ಬಳಿದಿದಾನೆ ನೋಡು. ನಮಗೆ ಲಾಭ." ಆಮೇಲೆ ಜೀಪಿನಿಂದ ಒಂದು ಬುಟ್ಟಿ ಇಳಿಸಿ ಅವಳ ಮೇಜಿನ ಪಕ್ಕ ಇಟ್ಟ. "ಮುದುಕಪ್ಪ ಕಳಿಸಿದ್ದು, ಕೆಲಸ ಮಾಡೋರಿಗೆ ಅಂತ. ನನಗೆ ಸಕ್ಕರೆ ಕಾಯಿಲೆ. ನೀನೇ ತಗೊಂಡು ಹೋಗು, ನಿನ್ನ ಲೀಡು ತಾನೇ."

ಹಸಿರು ಲುಂಗಿಯ ತುಂಡು ಹೊಲಿದ ಬುಟ್ಟಿ.

ದಾರಿಯಲ್ಲಿ ಎಲ್ಲಾದರೂ ಬಿಟ್ಟುಬಿಡಬೇಕೆಂದು ಎರಡು ಸಲ ಅಂದುಕೊಂಡಳು. ಬಸ್ಸಿನಲ್ಲಿ ಪಕ್ಕದವಳು ಮೂಸಿ, "ಬಾದಾಮಿನಾ? ಎಂಥಾ ಘಮ!" ಎಂದಳು. ಬುಟ್ಟಿ ತೊಡೆಯ ಮೇಲೇ ಉಳಿಯಿತು. ಇವತ್ತಲ್ಲ ನಾಳೆ ಹೇಳಲೇಬೇಕಾದ ಮಾತು ಅದರ ಜೊತೆಗೇ ಮನೆ ತಲುಪಲಿ ಎಂದುಕೊಂಡಳೋ ಏನೋ.

ಸುಬ್ಬರಾಯಪ್ಪ ಜಗುಲಿಯ ಮೇಲಿದ್ದ. ಬುಟ್ಟಿಯ ಬಾಯಿಯ ಬಟ್ಟೆ ಕಂಡದ್ದೇ ತಡ, ಎದ್ದು ನಿಂತ. ಎಷ್ಟೋ ದಿನದ ಮೇಲೆ ಮುಖ ಅರಳಿತು.

"ಸಾಬ್ರು ಕಳಿಸಿದ್ರಾ? ನನಗಾ?"

"ಆಫೀಸಿಗೆ ಅಪ್ಪ."

"ಯಾವ ಆಫೀಸಿಗೆ?"

"ನಮ್ಮ ಆಫೀಸಿಗೆ."

ಅರಳಿದ ಮುಖ ಮುಚ್ಚಿಕೊಳ್ಳುವುದನ್ನು ಅವಳು ನಿಂತು ನೋಡಬೇಕಾಯಿತು. ಕದಿರಮ್ಮ ರಾಗಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

"ಕಂಬಿ ತುಕ್ಕು ಹಿಡಿದಿತ್ತಾ? ಈ ವರ್ಷ ಬಳೀಲಿಲ್ಲ" ಎಂದ ಮೇಸ್ತ್ರಿ.

"ಇಲ್ಲ ಅಪ್ಪ. ಚೆನ್ನಾಗಿತ್ತಂತೆ."

"ಅದೇ ಕಂಬಿಗೇ ಜೋಡಿಸಿದ್ರಾ?"

"ಹೂಂ."

ಇನ್ನೊಬ್ಬ ಮುಟ್ಟುವ ಮುಂಚೆ ಯಾರೂ ಅವನ ಹೊಸಿಲಿಗೆ ಎಲೆ ಅಡಿಕೆ ತಂದಿರಲಿಲ್ಲ. ಅದನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. "ಮೇಲಕ್ಕೆ ಮತ್ತೆ ಕಂಬಿ ಬಿಡ್ತಾರಂತಾ?" ಎಂದು ಕೇಳಿದ.

"ಬಿಡಲ್ಲಪ್ಪ. ಇನ್ನೊಂದು ಮಹಡಿ ಬೇಕಾದ್ರೆ ಆವಾಗ ನೋಡ್ಕೊಳ್ಳೋಣ ಅಂತಾರೆ ನಮ್ಮ ಸಾರು. ಪರ್ಮಿಶನ್ ತಗೊಂಡ್ರೆ ಹೆಸರು ಹೇಗಿದ್ರೂ ಬೋರ್ಡಿಗೆ ಬರುತ್ತಲ್ಲ ಅಂತ."

ಸುಬ್ಬರಾಯಪ್ಪ ತಲೆಯಾಡಿಸಿದ. ಕೂತು, ಬುಟ್ಟಿಯ ಹೊಲಿಗೆ ಬಿಚ್ಚಿದ. ಹುಲ್ಲು ಸರಿಸಿ, ಅದುಮಿ ನೋಡಿ, ಒಂದು ಹಣ್ಣು ಆರಿಸಿದ. ತೊಟ್ಟು ಮುರಿದು, ಸೊನೆ ಹಿಂಡಿ, ಒಗೆಸಿಟ್ಟು ಈಗ ಉಟ್ಟಿದ್ದ ಆ ಬಿಳಿ ಪಂಚೆಯ ತುದಿಗೇ ಒರೆಸಿ, ಮಗಳ ಕೈಗಿಟ್ಟ. ಅವಳು ಚಿಕ್ಕವಳಿದ್ದಾಗಿನಿಂದ ಪ್ರತಿವರ್ಷ ಮೊದಲ ಹಣ್ಣನ್ನು ಹಾಗೇ ಕೊಡುತ್ತಿದ್ದ.

"ತಿನ್ನಮ್ಮ. ನೀನು ಕೇಳಿ ತಂದಿದ್ದು."

"ನೀನೂ ತಗೋ ಅಪ್ಪ."

"ನಾನು ಕೇಳಿಲ್ಲವಲ್ಲ."

ಅವನು ಎದುರಿಗೇ ಕೂತು ನೋಡುತ್ತಿದ್ದ. ತಿನ್ನದೆ ವಿಧಿಯಿರಲಿಲ್ಲ. ಅವಳು ಸಿಪ್ಪೆ ಸಮೇತ ಕಚ್ಚಿದಳು. ಹಣ್ಣು ಜೇನಿನ ಹಾಗಿತ್ತು. ಹುಳಿಯಾಗಿದ್ದರೆ ಉಗಿಯಬಹುದಿತ್ತು.